ಮಣೂಕ ಕಂದಾಗುತ್ತಿದೆ: ಇದು ಭೌತಿಕ ಬದಲಾವಣೆಯೋ, ರಾಸಾಯನಿಕವೋ?

ಬಿಸಿಲೂರು (ವಿಜಯಪುರ):
ನಮಸ್ಕಾರ ರೀ. ಮಾಳಿಗೆ ಮೇಲೆ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಒಣಗಿಸಿ ಮಣೂಕ ಮಾಡುತ್ತಿದ್ದೇನೆ. ತಿಕೋಟಾ ಕಡೆ ಶೆಡ್ಡಿನ ಮಾಲು ಹಸಿರಾಗಿರುತ್ತದೆ, ನಮ್ಮದು ಪೂರ್ತಿ ಕಂದು. ಏಳನೇ ಕ್ಲಾಸಿನ ಮಗಳದ್ದು ಬೇರೆ ತಕರಾರು: "ನೀರು ಆರೋದು ಭೌತಿಕ ಬದಲಾವಣೆ ಅಲ್ವಾ ಅಪ್ಪಾ, ಬಣ್ಣ ಯಾಕೆ ಬದಲಾಯ್ತು?" ನೀರಲ್ಲಿ ನೆನೆಸಿದರೆ ಉಬ್ಬುತ್ತದೆ, ಆದರೆ ಮತ್ತೆ ದ್ರಾಕ್ಷಿ ಆಗುವುದಿಲ್ಲ. ಹಾಗಾದರೆ ಒಣಗುವುದೂ ರಾಸಾಯನಿಕವೇ? ಹಳೇ ಡಬ್ಬಿಯ ಮಣೂಕದ ಮೇಲೆ ಬೆಳ್ಳಗೆ ಏನೋ ಕೂತಿದೆ, ಅದೂ ತಿಳಿಯುತ್ತಿಲ್ಲ.

ಘಟಪ್ರಭಾ ದಂಡೆ (ಬಾಗಲಕೋಟೆ):
ಒಂದೇ ಹಣ್ಣಿನಲ್ಲಿ ಎರಡೂ ನಡೆಯುತ್ತಿವೆ ಸರ್. ನೀರು ಆವಿಯಾಗುವುದು ಭೌತಿಕ. ಹೋದದ್ದೂ ನೀರೇ, ಉಳಿದ ಸಕ್ಕರೆಯೂ ಸಕ್ಕರೆಯೇ. ಸುಮಾರು ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಮಣೂಕ ಸಿಗುವುದು ಅದಕ್ಕೇ.

ಕಂದಾಗುವುದು ಮಾತ್ರ ರಾಸಾಯನಿಕ. ಹಣ್ಣಿನ ಜೀವಕೋಶ ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ (ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುವ ವಸ್ತು) ಹಣ್ಣಿನಲ್ಲೇ ಇರುವ ಫಿನಾಲ್ ಎಂಬ ವಸ್ತುಗಳೂ ಗಾಳಿಯ ಆಮ್ಲಜನಕವೂ ಒಟ್ಟಿಗೆ ಸಿಗುತ್ತವೆ. ಅಲ್ಲಿಂದ ಕಂದು ಬಣ್ಣದ ಹೊಸ ವಸ್ತು ಹುಟ್ಟುತ್ತದೆ. ಮಗಳಿಗೆ ತೋರಿಸಬೇಕಾ? ಆಲೂಗಡ್ಡೆಯ ಒಂದು ಹಸಿ ಹೋಳು, ಒಂದು ಬೇಯಿಸಿದ ಹೋಳು ತಟ್ಟೆಯಲ್ಲಿಡಿ. ಹಸಿಯದು ಕಪ್ಪಾಗುತ್ತದೆ. ಬೆಂದದ್ದರಲ್ಲಿ ಕಿಣ್ವ ಕೆಟ್ಟಿರುತ್ತದೆ, ಅದು ಬಿಳಿಯಾಗೇ ಉಳಿಯುತ್ತದೆ.

"ಮೊದಲಿನಂತೆ ಆಗಲ್ಲ, ಅದಕ್ಕೇ ರಾಸಾಯನಿಕ" ಅನ್ನೋ ಲೆಕ್ಕ ನನಗಂತೂ ಸೇರುವುದಿಲ್ಲ. ಬೀಸಿದ ಜೋಳ ಮತ್ತೆ ಕಾಳಾಗುತ್ತಾ? ಆದರೂ ಬೀಸುವುದು ಭೌತಿಕವೇ. ನಿಮ್ಮ ಮಣೂಕದ ಜೀವಕೋಶಗಳು ಕುಸಿದಿವೆ, ನೆನೆಸಿದರೆ ಎದ್ದು ನಿಲ್ಲುವುದಿಲ್ಲ, ಅಷ್ಟೇ. ಹೊಸ ವಸ್ತು ಹುಟ್ಟಿತಾ ಅಂತ ನೋಡಿ.

ಬಿಸಿಲೂರು:
ಸರಿ ರೀ. ಶೆಡ್ಡಿನವರು ಹಸಿರು ಹೇಗೆ ಉಳಿಸುತ್ತಾರೆ?

ಶೆಡ್ಡಿನವ (ತಿಕೋಟಾ):
ನೆರಳು ಮತ್ತು ಡಿಪ್ಪಿಂಗ್ ಅಣ್ಣಾ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್, ಅಂದರೆ ಈಥೈಲ್ ಓಲಿಯೇಟ್. ಕೆಲವು ನಿಮಿಷ ಅದ್ದಿ, ರ‍್ಯಾಕಿನ ಬಲೆ ಮೇಲೆ ತೆಳ್ಳಗೆ ಹರಡುತ್ತೇವೆ. ಸಿಪ್ಪೆ ಮೇಲಿನ ಮೇಣ ಸಡಿಲಾಗಿ ನೀರು ಬೇಗ ಹೋಗುತ್ತದೆ, ಕಿಣ್ವಕ್ಕೆ ಜಾಸ್ತಿ ಹೊತ್ತು ಸಿಗುವುದಿಲ್ಲ. ನಿಮ್ಮ ಮಾಳಿಗೆಯಲ್ಲಿ ಹಾಗಲ್ಲ, ಹಣ್ಣು ಬಿಸಿಲಿಗೆ ಕಾಯುತ್ತದೆ, ಆದರೆ ಮೇಣ ಹಾಗೇ ಇರುವುದರಿಂದ ನೀರು ನಿಧಾನ ಹೋಗುತ್ತದೆ.

ಕೆಲವರು ಗಂಧಕದ ಹೊಗೆಯನ್ನೂ ಕೊಡುತ್ತಾರೆ. ಆ ಹಳದಿ ಪುಡಿ ಮೊದಲು ಕರಗಿ ಜೇನು ಬಣ್ಣದ ರಸ ಆಗುತ್ತದೆ. ಅಲ್ಲಿಯವರೆಗೆ ಭೌತಿಕ. ಆಮೇಲೆ ನೀಲಿ ಉರಿ ಹತ್ತಿ ಮೂಗು ಚುರ್ ಅಂದರೆ ಸಲ್ಫರ್ ಡೈಆಕ್ಸೈಡ್ ಹುಟ್ಟಿತು ಅಂತ ಅರ್ಥ. ಕಿಣ್ವವನ್ನು ತಡೆಯುವುದು ಅದೇ. ಮನೆಯಲ್ಲಿ ಮಾತ್ರ ಇದು ಬೇಡ, ದಮ್ಮು ಇರುವವರಿಗೆ ಬಹಳ ಕೆಟ್ಟದ್ದು.

ಘಟಪ್ರಭಾ ದಂಡೆ:
ಬಿಳಿ ಕೂತದ್ದನ್ನು ಬಿಸಿನೀರಿಗೆ ಹಾಕಿ ನೋಡಿ. ಕರಗಿದರೆ ಹೊರಬಂದ ಸಕ್ಕರೆಯ ಹರಳು, ಅದು ಭೌತಿಕ. ನೂಲಿನಂತೆ ಉಳಿದರೆ, ಮುಗ್ಗಲು ವಾಸನೆ ಇದ್ದರೆ ಬೂಸ್ಟು. ಡಬ್ಬಿ ಪೂರ್ತಿ ಚೆಲ್ಲಿಬಿಡಿ.

ಬಿಸಿಲೂರು:
ಕರಗಿತು, ವಾಸನೆಯೂ ಇಲ್ಲ. ಈ ಸಲದ ಹಣ್ಣನ್ನು ಡಿಪ್ಪಿಂಗ್ ಮಾಡಿ ವರಾಂಡದ ನೆರಳಲ್ಲಿ ಹರಡುತ್ತೇನೆ. ಬಣ್ಣ ಹೇಗೆ ಬಂತು ಅಂತ ಫೋಟೋ ಹಾಕುತ್ತೇನೆ.