ಅಪ್ಪನ ಸಹಿ ಎಂದು ತಂದಿರುವ ವಿಲ್: ಪರೀಕ್ಷೆ ಮಾಡಿಸಿದವರ ಅನುಭವ ಬೇಕು

ಪ್ರಶ್ನೆ, ತಿಪಟೂರು ಕಡೆಯಿಂದ

ನಾವು ಮೂವರು ಹೆಣ್ಣುಮಕ್ಕಳು, ಒಬ್ಬ ಅಣ್ಣ. ಅಪ್ಪ 2021ರಲ್ಲಿ ತೀರಿಕೊಂಡರು. ತೋಟದಲ್ಲಿ ಪಾಲು ಕೇಳಿ ದಾವೆ ಹಾಕಿದ ಮೇಲೆ ಅಣ್ಣ 2016ರ ತಾರೀಖಿನ ವಿಲ್ ಒಂದನ್ನು ಹಾಜರು ಮಾಡಿದ್ದಾನೆ. ನೋಂದಣಿ ಆಗಿಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಎರಡು ಹಾಳೆ, ಕೊನೆಯಲ್ಲಿ ಅಪ್ಪನ ಕನ್ನಡ ಸಹಿ. ಅಪ್ಪನಿಗೆ 2015ರಲ್ಲೇ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಆಮೇಲೂ ಸಹಿ ಹಾಕುತ್ತಿದ್ದರು, ತುಂಬಾ ಕಷ್ಟಪಟ್ಟು. ಈ ಸಹಿ ನೋಡಿದರೆ ದುಂಡಗೆ, ಲಕ್ಷಣವಾಗಿದೆ. ಫೊರೆನ್ಸಿಕ್ ಪರೀಕ್ಷೆಗೆ ಕಳಿಸೋಣ ಅಂತಿದ್ದೇವೆ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ದಾವಣಗೆರೆಯಿಂದ, ಇಂಥದೇ ಕೇಸು ನಡೆಸಿದವರು

ಅಕ್ಕಾ, ಲ್ಯಾಬಿನ ಮಾತು ಆಮೇಲೆ. ಮೊದಲು ಹೋಲಿಕೆಗೆ ಸಹಿ ಹುಡುಕಿ. ನಮ್ಮ ಚಿಕ್ಕಪ್ಪನ ಹೆಸರಿನಲ್ಲಿ ಹುಟ್ಟಿಸಿದ್ದ ಕ್ರಯದ ಕರಾರಿನ ಕೇಸಿನಲ್ಲಿ, ಅದೇ ಕಾಲದ ಸಹಿಗಳು ಇನ್ನಷ್ಟು ಬೇಕು ಎಂದು ಲ್ಯಾಬಿನಿಂದ ಕಾಗದ ಬಂತು. ಕೊನೆಗೆ ಕೈಹಿಡಿದದ್ದು ಸೊಸೈಟಿಯ ಬೆಳೆಸಾಲದ ಪತ್ರ, ಬ್ಯಾಂಕಿನ ಹಣ ತೆಗೆಯುವ ಚೀಟಿ, ಮತ್ತೆ ಒಂದು ನೋಂದಾಯಿತ ವಿಭಾಗಪತ್ರ. ನಿಮ್ಮ ಅಪ್ಪನ ವಿಷಯದಲ್ಲಿ ಲಕ್ವಕ್ಕೆ ಮುಂಚಿನವೂ ಬೇಕು, ಆಮೇಲಿನವೂ ಬೇಕು. ಬ್ಯಾಂಕಿನವರು ಹಳೆಯ ಚೀಟಿಗಳನ್ನು ಕೆಲವು ವರ್ಷಗಳಾದ ಮೇಲೆ ನಾಶ ಮಾಡಿಬಿಡುತ್ತಾರೆ, ಆದ್ದರಿಂದ ಈ ವಾರವೇ ಬರಹದಲ್ಲಿ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ.

ನಿವೃತ್ತ ದಸ್ತಾವೇಜು ಪರೀಕ್ಷಕರು

ತಾಯಿ, ಲಕ್ವ ಹೊಡೆದ ಕೈ ಚೇತರಿಸಿಕೊಳ್ಳುವುದೂ ಉಂಟು. ಹಾಗಾಗಿ ಸಹಿ ಚೆನ್ನಾಗಿದೆ ಎಂಬುದೊಂದರಿಂದಲೇ ಖೋಟಾ ಎನ್ನಲಾಗದು. ಆದರೆ ಅದೇ 2016ರ ಬ್ಯಾಂಕ್ ಚೀಟಿಗಳಲ್ಲಿ ಕೈ ನಡುಗಿ, ವಿಲ್‌ನಲ್ಲಿ ಮಾತ್ರ 2010ರ ಕೈ ಕಂಡರೆ ಅದು ಬಲವಾದ ಅಂಶ.

ನೋಡುವವರೆಲ್ಲ ಅಕ್ಷರದ ಆಕಾರ ನೋಡುತ್ತಾರೆ. ನಕಲು ಮಾಡುವವನೂ ಅದನ್ನೇ ನೋಡಿ ಬರೆದಿರುತ್ತಾನೆ, ಆದ್ದರಿಂದ ಆಕಾರ ಹೊಂದಿಯೇ ಹೊಂದುತ್ತದೆ. ನಮಗೆ ಬೇಕಾದದ್ದು ಪೆನ್ನು ಓಡಿದ ದಾರಿ. ಕನ್ನಡ ಸಹಿಗಳ ಕೊನೆಯಲ್ಲಿ ಬರುವ ‘ಪ್ಪ’ ನೋಡಿ. ಕೆಲವರು ತಲೆಕಟ್ಟಿನಿಂದ ಶುರುಮಾಡಿ ಕೈ ಎತ್ತದೆ ಒತ್ತಕ್ಷರದವರೆಗೂ ಇಳಿಯುತ್ತಾರೆ. ಕೆಲವರು ಹೊಟ್ಟೆ ಬರೆದು, ಒತ್ತು ಕೊಟ್ಟು, ಕೊನೆಗೆ ತಲೆಕಟ್ಟು ಎಳೆಯುತ್ತಾರೆ. ವರ್ಷಾನುಗಟ್ಟಲೆಯ ರೂಢಿ ಅದು, ಬರೆಯುವವರಿಗೇ ಅದರ ಅರಿವಿರುವುದಿಲ್ಲ. ಪೆನ್ನು ಎಲ್ಲಿ ಎತ್ತಿದೆ, ಎಲ್ಲಿ ತಡೆದು ನಿಂತು ಮಸಿ ಬಿಟ್ಟಿದೆ ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಸಲೀಸಾಗಿ ಓಡಿದ ಗೆರೆ ತುದಿಯಲ್ಲಿ ಸಣ್ಣಗಾಗುತ್ತಾ ಹೋಗುತ್ತದೆ, ನೋಡಿಕೊಂಡು ಎಳೆದ ಗೆರೆ ಮೊಂಡಾಗಿ ನಿಲ್ಲುತ್ತದೆ. ವಯಸ್ಸಾದವರ ಕೈ ನಡುಗಿದರೂ ತನ್ನ ದಾರಿ ಬಿಡುವುದಿಲ್ಲ. ನಕಲು ಮಾಡುವ ಕೈ ತಿರುವುಗಳಲ್ಲಿ ಅನುಮಾನಿಸುತ್ತದೆ, ತಪ್ಪಿದ್ದನ್ನು ಮೇಲೆ ತಿದ್ದುತ್ತದೆ. ವಿಲ್‌ನ ಸಹಿ ಇನ್ಯಾವುದೋ ಕಾಗದದ ಸಹಿಯ ಮೇಲೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತರೆ ಸಂಶಯ ಇನ್ನೂ ಹೆಚ್ಚಬೇಕು. ನಿಜವಾದ ಎರಡು ಸಹಿಗಳು ಹಾಗೆ ಕೂಡುವುದಿಲ್ಲ.

ಇದೆಲ್ಲ ಮೂಲಪ್ರತಿಯಲ್ಲಿ ಮಾತ್ರ, ಜೆರಾಕ್ಸ್ ಹಿಡಿದು ಯಾರ ಹತ್ತಿರವೂ ಹೋಗಬೇಡಿ. ಮಸಿಯ ವಯಸ್ಸು ಹೇಳಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಎರಡು ಪೆನ್ನಿನ ಮಸಿ ಬೇರೆ ಬೇರೆ ಎಂದು ಇನ್ಫ್ರಾರೆಡ್ ಬೆಳಕಿನಲ್ಲಿ ಎಷ್ಟೋ ಸಲ ತೋರಿಸಬಹುದು. ಅದು 2016ರದೋ 2021ರದೋ ಎಂದು ಖಚಿತವಾಗಿ ಹೇಳಲಾಗದು.

ಇನ್ನೊಂದು ಮಾತು. ಸಹಿ ಅಪ್ಪನದೇ ಆಗಿ, ಖಾಲಿ ಹಾಳೆಗೆ ಹಾಕಿಸಿಕೊಂಡದ್ದಾದರೆ? ಆಗ ‘ಸಹಿ ಹೊಂದುತ್ತದೆ’ ಎಂಬ ವರದಿಯೇ ನಿಮಗೆ ತಿರುಗುಬಾಣ. ಅಚ್ಚು ಮೊದಲೋ ಸಹಿ ಮೊದಲೋ, ಎರಡೂ ಹಾಳೆ ಒಂದೇ ಪ್ರಿಂಟರಿನವೋ, ಸಹಿಯ ಮೇಲಿನ ಜಾಗಕ್ಕೆ ಹಿಡಿಸಲು ಕೊನೆಯ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದ್ದಾರೋ ಎಂಬುದನ್ನೂ ಲ್ಯಾಬಿಗೆ ಕೇಳಿಸಿ. ಸಹಿಯ ಗೆರೆ ಅಚ್ಚಿನ ಅಕ್ಷರವನ್ನು ದಾಟಿದ ಕಡೆ ಇದ್ದರೆ ಯಾವುದು ಮೊದಲು ಎಂದು ತಿಳಿಯುವ ಸಾಧ್ಯತೆ ಹೆಚ್ಚು.

ಪತ್ರ ಬರಹಗಾರರು, ಹಾಸನ

ಒಕ್ಕಣೆಯನ್ನೂ ಓದಿ. ಪೋಡಿ, ಅಂದರೆ ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು, ಆದ ಮೇಲೆ ಬಂದ ಹೊಸ ಹಿಸ್ಸಾ (ಭಾಗದ) ನಂಬರು ಅದಕ್ಕೂ ಹಿಂದಿನ ತಾರೀಖಿನ ಪತ್ರದಲ್ಲಿ ಕೂತಿರುವುದನ್ನು ನಾನೇ ಕಂಡಿದ್ದೇನೆ. ಪಹಣಿ, ಮ್ಯುಟೇಷನ್ ತೆಗೆಸಿ ಒಂದೊಂದೇ ನಂಬರು ತಾಳೆ ಹಾಕಿ. ವಿಲ್‌ಗೆ ಛಾಪಾಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಒಂದು ವೇಳೆ ಇ-ಸ್ಟ್ಯಾಂಪ್ ಹಾಳೆ ಬಳಸಿದ್ದರೆ ಅದರಲ್ಲೇ ಕೊಂಡ ದಿನ, ಗಂಟೆ ಅಚ್ಚಾಗಿರುತ್ತದೆ.

ಸಿವಿಲ್ ವಕೀಲರು, ತುಮಕೂರು

ಮೇಡಂ, ಎಲ್ಲಕ್ಕಿಂತ ಮೊದಲು ತೋಟ ಪಿತ್ರಾರ್ಜಿತವೋ ಸ್ವಯಾರ್ಜಿತವೋ ನೋಡಿ. ಪಿತ್ರಾರ್ಜಿತವಾಗಿದ್ದರೆ ವಿಲ್ ನಿಜವೇ ಇದ್ದರೂ ಅಪ್ಪ ಬರೆದುಕೊಡಬಹುದಾದದ್ದು ತಮ್ಮ ಪಾಲನ್ನು ಮಾತ್ರ. ನಿಮ್ಮ ಪಾಲು ನಿಮಗೆ ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿದೆ.

ವಿಲ್ ರುಜುವಾತು ಮಾಡುವ ಭಾರ ನಿಮ್ಮ ಅಣ್ಣನದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಬದುಕಿರುವ ಒಬ್ಬರನ್ನಾದರೂ ಕಟಕಟೆಗೆ ಕರೆಸಬೇಕು. ನಮ್ಮ ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಪ್ರಕರಣ, 1959ರ ತೀರ್ಪು ವರದಿಗಳಲ್ಲಿದೆ, ಇವತ್ತಿಗೂ ದಾರಿದೀಪ. ವಿಲ್ ಸುತ್ತ ಅನುಮಾನದ ಸಂದರ್ಭಗಳಿದ್ದರೆ ಅವನ್ನು ನಿವಾರಿಸಬೇಕಾದವರು ವಿಲ್ ಮುಂದಿಟ್ಟವರೇ. ಲಕ್ವ, ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟಿರುವುದು, ದಾವೆ ಹಾಕುವ ತನಕ ವಿಲ್ ಸುದ್ದಿಯೇ ಇಲ್ಲದಿರುವುದು, ಇವೆಲ್ಲ ಅಂಥ ಸಂದರ್ಭಗಳು. ತಜ್ಞರ ವರದಿ ಬರೀ ಅಭಿಪ್ರಾಯ, ಅದೊಂದನ್ನೇ ನೆಚ್ಚಿ ಸಾಕ್ಷಿಗಳ ಪಾಟಿಸವಾಲನ್ನು ಸಡಿಲ ಬಿಡಬೇಡಿ. ತಜ್ಞರ ಅಭಿಪ್ರಾಯಕ್ಕೆ ಸಂಬಂಧಿಸಿದ, ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಂ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಆಗಿದೆ. ಮೂಲ ವಿಲ್ ಅನ್ನು ಪರೀಕ್ಷೆಗೆ ಕಳಿಸಲು ಕೋರ್ಟಿಗೇ ಅರ್ಜಿ ಹಾಕಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿದೆ. ಅಮ್ಮನ ಹತ್ತಿರ 2017ರ ಸೊಸೈಟಿ ಕಾಗದ ಇದೆಯಂತೆ, ಅಪ್ಪನ ಸಹಿಯೂ ಹೆಬ್ಬೆಟ್ಟೂ ಎರಡೂ ಇವೆ. ಮಡಿಕೆ ಹರಿದಿದೆ, ಲ್ಯಾಮಿನೇಷನ್ ಮಾಡಿಸಲೇ?

ನಿವೃತ್ತ ದಸ್ತಾವೇಜು ಪರೀಕ್ಷಕರು

ಖಂಡಿತ ಬೇಡ. ಟೇಪು ಅಂಟಿಸಬೇಡಿ, ಪಿನ್ನು ಹಾಕಬೇಡಿ, ಪೆನ್ನಿನಲ್ಲಿ ಗುರುತು ಮಾಡಬೇಡಿ. ಇರುವ ಮಡಿಕೆಯಲ್ಲೇ ದೊಡ್ಡ ಕವರಿನಲ್ಲಿಟ್ಟು ವಕೀಲರಿಗೆ ಕೊಡಿ. ಅದೇ ಸಾಲದ ಸೊಸೈಟಿ ಕಡತವನ್ನು ಕೋರ್ಟಿನ ಸಮನ್ಸಿನಿಂದಲೇ ತರಿಸಲು ಹೇಳಿ. ಆಗ ಆ ಸಹಿ ನೀವು ಮನೆಯಿಂದ ತಂದದ್ದು ಎಂದು ಎದುರಿನವರು ಆಕ್ಷೇಪ ಎತ್ತಲು ಆಗುವುದಿಲ್ಲ.