ಅಪ್‌ಡೇಟ್: ಎಣಿಕೆ ಒಂದೇ, ನರ್ವ್ ಮಾತ್ರ ಬೇರೆ

ನಾನು ಕೇಳಿದ್ದ ಪ್ರಶ್ನೆ ಇಷ್ಟೇ ಇತ್ತು: ಕೆಟಗರಿ ಎಂದರೆ ವಸ್ತುಗಳು ಮತ್ತು ಅವುಗಳ ನಡುವೆ ಒಂದರ ಹಿಂದೊಂದು ಸಂಯೋಜಿಸಬಹುದಾದ ಬಾಣಗಳು. ಒಂದೇ ವಸ್ತು, ಐಡೆಂಟಿಟಿ (ಏನನ್ನೂ ಬದಲಿಸದ ಬಾಣ, 1) ಬಿಟ್ಟರೆ ಒಂದೇ ಬಾಣ ಇರುವ ಕೆಟಗರಿಗಳು ಎರಡು. ಮೊದಲನೆಯದರಲ್ಲಿ ಸ·ಸ = 1, ಎರಡನೆಯದರಲ್ಲಿ ಇ·ಇ = ಇ. ಎನ್ ಬಾಣಗಳ ಸರಪಳಿಯನ್ನು ಎನ್ ಆಯಾಮದ ಸಿಂಪ್ಲೆಕ್ಸ್ (ಬಿಂದು, ಗೆರೆ, ತ್ರಿಕೋನ ಹೀಗೆ ಮುಂದುವರಿಯುವ ಆಕಾರ) ಎಂದುಕೊಂಡು ಕಟ್ಟಿದ್ದೇ ನರ್ವ್. ಎರಡರ ನರ್ವ್‌ನಲ್ಲೂ ಪ್ರತಿ ಆಯಾಮಕ್ಕೆ ಡಿಜೆನರೇಟ್ (ಸರಪಳಿಯಲ್ಲಿ ಐಡೆಂಟಿಟಿ ಇರುವ) ಅಲ್ಲದ ಸಿಂಪ್ಲೆಕ್ಸ್ ಒಂದೊಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ಬಂದ ಉತ್ತರಗಳಲ್ಲಿ ‘ಐಡೆಂಟಿಟಿಗಳನ್ನು ಕಿತ್ತುಹಾಕಿ ಚಿತ್ರ ಬರೆಯಿರಿ’ ಎಂಬ ಸಲಹೆ ಕೈಕೊಟ್ಟಿತು. (ಸ, ಸ) ತ್ರಿಕೋನದ ನಡುವಿನ ಮುಖ ಐಡೆಂಟಿಟಿಯೇ. ಅದನ್ನು ಕಿತ್ತರೆ ಆ ಮುಖಕ್ಕೆ ನೆಲೆಯೇ ಇಲ್ಲ.

ಕೆಲಸಕ್ಕೆ ಬಂದದ್ದು ‘ಎಣಿಸಬೇಡಿ, ಮುಖಗಳನ್ನು ನೋಡಿ’ ಎಂದವರ ಮಾತು. ಎರಡು ತುದಿಯ ಮುಖಗಳು ಒಂದೊಂದು ಬಾಣವನ್ನು ಕೈಬಿಡುತ್ತವೆ, ಒಳಗಿನವು ಪಕ್ಕಪಕ್ಕದ ಎರಡನ್ನು ಸಂಯೋಜಿಸುತ್ತವೆ. ‘ಸ’ದಲ್ಲಿ ಒಳಮುಖಗಳೆಲ್ಲ ಡಿಜೆನರೇಟ್, ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎನ್ ಆಯಾಮದಲ್ಲಿ ಬೌಂಡರಿ (ಮುಖಗಳನ್ನು ಪರ್ಯಾಯ ಚಿಹ್ನೆ ಹಾಕಿ ಕೂಡಿದ ಮೊತ್ತ) 1 + (−1)ⁿ: ಸಮ ಆಯಾಮದಲ್ಲಿ 2, ಬೆಸದಲ್ಲಿ 0. ಮೊದಲ ಹೋಮಾಲಜಿಯಲ್ಲಿ (ಆಕಾರದ ‘ತೂತು’ಗಳನ್ನು ಅಳೆಯುವ ಗುಂಪು) ಎರಡು ಅಂಶಗಳ ಗುಂಪು ಸಿಗುತ್ತದೆ. ‘ಇ’ಯಲ್ಲಿ ಎನ್+1 ಮುಖಗಳೂ ಉಳಿಯುತ್ತವೆ, ಪರ್ಯಾಯ ಚಿಹ್ನೆ ಹಾಕಿ ಕೂಡಿದರೆ ಸಮ (ಧನ) ಆಯಾಮದಲ್ಲಿ 1, ಬೆಸದಲ್ಲಿ 0. ಹೋಮಾಲಜಿಯಲ್ಲಿ ಸೊನ್ನೆಯ ಆಯಾಮದ ಮೇಲೆ ಏನೂ ಉಳಿಯುವುದಿಲ್ಲ.

ಅಚ್ಚರಿಯೆಂದರೆ, ಮೊದಲನೆಯದರ ಜ್ಯಾಮಿತೀಯ ರೂಪ (ಸಿಂಪ್ಲೆಕ್ಸ್‌ಗಳನ್ನು ಅಂಟಿಸಿದಾಗ ಬರುವ ಆಕಾರ) ಅನಂತ ಆಯಾಮದ ರಿಯಲ್ ಪ್ರೊಜೆಕ್ಟಿವ್ ಸ್ಪೇಸ್, ಅಂದರೆ ಎದುರುಬದುರು ಬಿಂದುಗಳನ್ನು ಒಂದು ಮಾಡಿದ ಗೋಳ. ಎರಡನೆಯದು ಬಿಂದುವಿಗೆ ಕುಗ್ಗುತ್ತದೆ. ಐಡೆಂಟಿಟಿ ಸೇರಿ ಬಾಣ ಎರಡೇ ಇದ್ದರೂ ನರ್ವ್‌ಗೆ ಕೊನೆಯಿಲ್ಲ, ಏಕೆಂದರೆ ಒಂದೇ ಬಾಣವನ್ನು ಎಷ್ಟು ಸಲ ಬೇಕಾದರೂ ಪೋಣಿಸಬಹುದು. ಸೀಮಿತ ಪೋಸೆಟ್‌ನಲ್ಲಿ (ಬಾಣಗಳು ಚಿಕ್ಕದರಿಂದ ದೊಡ್ಡದರತ್ತ ಮಾತ್ರ ಹೋಗುವ ಕ್ರಮವ್ಯವಸ್ಥೆ) ಈ ಕಾಟವಿಲ್ಲ.