ದೆಹಲಿ–ಟೋಕಿಯೊ ವಿಮಾನ: ಹೋಗುವಾಗ 11 ಗಂಟೆ, ಬರುವಾಗ ಆರೂವರೆ ಗಂಟೆಯೇ?

ಪ್ರಶ್ನೆ:
ಜನವರಿಯಲ್ಲಿ ನನ್ನ ತಾಯಿಯವರನ್ನು ದೆಹಲಿಯಿಂದ ಟೋಕಿಯೊಗೆ ಕರೆದೊಯ್ಯಲಿದ್ದೇನೆ. ಟಿಕೆಟ್ಟಿನ ಪ್ರಕಾರ ವಿಮಾನವು ರಾತ್ರಿ 8ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ಟೋಕಿಯೊ ತಲುಪುತ್ತದೆ. ಹಿಂದಿರುಗುವಾಗ ಬೆಳಿಗ್ಗೆ 11ಕ್ಕೆ ಹೊರಟು ಅದೇ ಸಂಜೆ 5.30ಕ್ಕೆ ದೆಹಲಿಯಲ್ಲಿ ಇಳಿಯುತ್ತದೆ. ಆದರೆ ಈ ಮಾರ್ಗದಲ್ಲಿ ಓಡಾಡಿರುವ ಪರಿಚಿತರು, ಬರುವ ಪ್ರಯಾಣವೇ ಹೆಚ್ಚು ದೀರ್ಘವಾದದ್ದು ಎನ್ನುತ್ತಾರೆ. ತಾಯಿಯವರು ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ತಪ್ಪದೆ ಔಷಧ ತೆಗೆದುಕೊಳ್ಳಬೇಕಾದ್ದರಿಂದ ನಿಜವಾದ ಅವಧಿ ತಿಳಿಯಬೇಕಾಗಿದೆ. ದೂರವೆಷ್ಟು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1:
ಟಿಕೆಟ್ಟಿನಲ್ಲಿ ಆಯಾ ಊರಿನ ಸ್ಥಳೀಯ ಸಮಯವನ್ನೇ ಮುದ್ರಿಸುತ್ತಾರೆ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಆದ್ದರಿಂದ ಹೋಗುವಾಗ ಕಾಣುವ 11 ಗಂಟೆಯಲ್ಲಿ ಮೂರೂವರೆ ಕಳೆಯಿರಿ, ಬರುವಾಗಿನ ಆರೂವರೆಗೆ ಮೂರೂವರೆ ಕೂಡಿಸಿ: ನಿಜವಾದ ಅವಧಿ ಹೋಗುವಾಗ ಏಳೂವರೆ ಗಂಟೆ, ಬರುವಾಗ ಹತ್ತು ಗಂಟೆ. ನಿಮ್ಮ ಪರಿಚಿತರು ಹೇಳಿದ್ದು ಸರಿ.

ಉತ್ತರ 2:
ಭೂಗೋಳದ ಮೇಲೆ ಅಳೆದರೆ ಎರಡು ನಗರಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 5,840 ಕಿ.ಮೀ. ಆದರೆ ಆ ರೇಖೆ ಹಿಮಾಲಯವನ್ನು ದಾಟಿ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಸಾಗುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ಟರು ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕಾಗುತ್ತದೆ. ನೆಲವೇ ಅದಕ್ಕಿಂತ ಎತ್ತರದಲ್ಲಿರುವ ಟಿಬೆಟ್ಟಿನಲ್ಲಿ ಅದು ಸಾಧ್ಯವಿಲ್ಲ. ಹೀಗಾಗಿ ಸಾಮಾನ್ಯವಾಗಿ ದಕ್ಷಿಣಕ್ಕೆ ಸರಿದು ಹಾರುತ್ತಾರೆ, ಹಾರುವ ದೂರವೂ ಹೆಚ್ಚುತ್ತದೆ.

ಎರಡೂವರೆ ಗಂಟೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಮೇಲ್ಗಾಳಿ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದು ಅತ್ಯಂತ ಪ್ರಬಲವಾಗಿರುತ್ತದೆ. (1920ರ ದಶಕದಲ್ಲಿ ಬಲೂನು ಹಾರಿಸಿ ಅದನ್ನು ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ, ಜಗತ್ತು ಓದಲೆಂದು ಅವರು ವರದಿಯನ್ನು ಎಲ್ಲ ದೇಶದವರೂ ಬಳಸಲೆಂದು ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರೂ ಹೊರಗಿನವರು ಬಹುಕಾಲ ಅದನ್ನು ಗಮನಿಸಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.) ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ 2,500 ಕಿ.ಮೀ. ಉದ್ದಕ್ಕೂ 150 ಕಿ.ಮೀ. ವೇಗದ ಗಾಳಿ ಸಿಕ್ಕಿತೆಂದುಕೊಳ್ಳಿ. ಗಾಳಿ ಬೆನ್ನಿಗಿದ್ದರೆ ಆ ದೂರಕ್ಕೆ ಸುಮಾರು 2 ಗಂಟೆ 23 ನಿಮಿಷ, ಎದುರಿದ್ದರೆ 3 ಗಂಟೆ 20 ನಿಮಿಷ. ಗಾಳಿಯೇ ಇಲ್ಲದಿದ್ದರೆ 2 ಗಂಟೆ 47 ನಿಮಿಷ. ಅಂದರೆ ಹೋಗುವಾಗ ಉಳಿಸಿದ್ದಕ್ಕಿಂತ ಬರುವಾಗ ಕಳೆದುಕೊಳ್ಳುವುದೇ ಹೆಚ್ಚು.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ಹಾಗಾದರೆ ಔಷಧಕ್ಕೆ ಯಾವ ಗಡಿಯಾರವನ್ನು ನೋಡಬೇಕು?

ಉತ್ತರ 3:
ಪ್ರಯಾಣ ಮುಗಿಯುವವರೆಗೆ ಒಂದು ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಇಟ್ಟುಕೊಳ್ಳಿ. ಮೊಬೈಲ್ ಇಳಿದ ಕೂಡಲೇ ತಾನಾಗಿ ಸಮಯ ಬದಲಿಸಿಕೊಳ್ಳುವುದರಿಂದ ಅದೊಂದನ್ನೇ ನೆಚ್ಚಬೇಡಿ. ಹೋಗುವಾಗ ರಾತ್ರಿ 10ರ ಔಷಧ ಹೊರಟ ಎರಡು ಗಂಟೆಗೆ ಬರುತ್ತದೆ, ಮುಂದಿನದು ಟೋಕಿಯೊದಲ್ಲಿ ಬೆಳಿಗ್ಗೆ 9.30ಕ್ಕೆ. ಬರುವಾಗ ಮಧ್ಯಾಹ್ನ 2ರದು ಹೊರಟ ಆರೂವರೆ ಗಂಟೆಯ ನಂತರ, ಆಕಾಶದಲ್ಲೇ. ಔಷಧ ಕೈಚೀಲದಲ್ಲೇ ಇರಲಿ. ಅಲ್ಲಿ ತಂಗಿರುವಾಗ ಜಪಾನಿನ ಸಮಯಕ್ಕೆ ಹೊಂದಿಸುವ ಕ್ರಮವನ್ನು ಮಾತ್ರ ಅವರ ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ.